ಒಂದು ಹೆಜ್ಜೆ ಹಿಂದೆ ನಿಂತಿದ್ದ ತುರಾಮ್

"ಮೊದಲ್ನೇ ಗೋಲು ಅವನದೇ ತಪ್ಪು" ಅಂದ ನನ್ನ ಗೆಳೆಯ.

ರಾತ್ರಿ ಒಂದೂವರೆ ದಾಟಿತ್ತು. ನಮ್ಮದು ಮಲೆನಾಡಿನ ಊರು, ಜುಲೈ ತಿಂಗಳು, ಹೊರಗೆ ಮಳೆ ಹಿಡಿದುಕೊಂಡಿತ್ತು. ಅಪ್ಪ ಮಲಗಿದ್ದರು ಅಂತ ಟಿವಿ ಸೌಂಡ್ ಪೂರ್ತಿ ಇಳಿಸಿ, ಇಬ್ಬರೂ ಒಂದೇ ಕಂಬಳಿ ಹೊದ್ದು ನೆಲದ ಮೇಲೆ ಕೂತಿದ್ದೆವು. 1998ರ ಫುಟ್‌ಬಾಲ್ ವಿಶ್ವಕಪ್ ಸೆಮಿಫೈನಲ್, ಫ್ರಾನ್ಸ್ ಮತ್ತು ಕ್ರೊಯೇಷಿಯಾ. ಪ್ಯಾರಿಸ್ ಪಕ್ಕದ ಆ ಸ್ಟೇಡಿಯಂನಲ್ಲಿ ಅವರಿಗೆ ಇನ್ನೂ ಜುಲೈ 8. ನಮಗೆ ಆಗಲೇ 9.

ಎರಡನೇ ಅರ್ಧ ಶುರುವಾಗಿ ಒಂದು ನಿಮಿಷ ಕೂಡ ಆಗಿರಲಿಲ್ಲ. ಕ್ರೊಯೇಷಿಯಾದ ಡಾವೊರ್ ಶುಕೆರ್ ಫ್ರಾನ್ಸಿನ ಬ್ಯಾಕ್ ಸಾಲಿನ, ಅಂದರೆ ಗೋಲು ತಡೆಯಲು ಹಿಂದೆ ನಿಲ್ಲುವವರ ಸಾಲಿನ, ಹಿಂದೆ ನುಗ್ಗಿ ಗೋಲು ಹೊಡೆದುಬಿಟ್ಟ. ನಾನು ಶುಕೆರ್‌ನನ್ನೇ ನೋಡುತ್ತಿದ್ದೆ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಗೆಳೆಯ ಮಾತ್ರ ಪರದೆಯ ಇನ್ನೊಂದು ಅಂಚಿಗೆ ಬೆರಳು ಇಟ್ಟ. "ಆ 15ನೇ ನಂಬರ್ ನೋಡು. ಒಂದ್ ಹೆಜ್ಜೆ ಹಿಂದೆ ಇದ್ದ. ಅವನು ಮುಂದೆ ಬಂದಿದ್ರೆ ಅದು ಆಫ್‌ಸೈಡ್."

ಆ 15ನೇ ನಂಬರ್ ಲಿಲಿಯನ್ ತುರಾಮ್.

ನನ್ನ ಗೆಳೆಯ ನಮ್ಮ ಶಾಲೆಯ ತಂಡದಲ್ಲಿ ಬ್ಯಾಕ್ ಆಡುತ್ತಿದ್ದ. ಆಗ ಬ್ಯಾಕ್ ಅಂದರೆ ಯಾರಿಗೂ ಬೇಡದ ಜಾಗ. ಕಾಲಲ್ಲಿ ಚೆಂಡು ನಿಲ್ಲದವರನ್ನು ಹಿಂದಕ್ಕೆ ಕಳಿಸುತ್ತಿದ್ದೆವು. ಅವನೊಬ್ಬ ಮಾತ್ರ ತಾನಾಗಿಯೇ ಕೇಳಿ ಹಿಂದೆ ನಿಲ್ಲುತ್ತಿದ್ದ. ಹಾಗಾಗಿ ನಮಗೆ ಕಾಣದ್ದು ಅವನಿಗೆ ಕಂಡಿತ್ತು. ಪಾಸ್ ಕೊಡುವ ಕ್ಷಣಕ್ಕೆ ಎದುರಾಳಿ ಬ್ಯಾಕ್ ಸಾಲನ್ನು ದಾಟಿ ನಿಂತಿದ್ದರೆ ಅದು ಆಫ್‌ಸೈಡ್, ಆ ಗೋಲು ನಡೆಯುವುದಿಲ್ಲ. ಆಫ್‌ಸೈಡ್ ಬಲೆ ಬೀಸಬೇಕಾದರೆ ಹಿಂದಿನ ನಾಲ್ಕೂ ಜನ ಹಗ್ಗ ಹಿಡಿದ ಹಾಗೆ ಒಂದೇ ಗೆರೆಯಲ್ಲಿ ಇರಬೇಕು. ಮೂವರು ಸರಿಯಾಗಿದ್ದು ಒಬ್ಬ ಹಿಂದುಳಿದರೂ ಬಲೆ ಹರಿದುಹೋಗುತ್ತದೆ. ಆ ರಾತ್ರಿ ಹಿಂದುಳಿದವನು ತುರಾಮ್.

ಫ್ರಾನ್ಸಿನ ಬ್ಯಾಕ್ ಸಾಲು ಇಂಥ ತಪ್ಪು ಮಾಡುವ ಸಾಲೇ ಆಗಿರಲಿಲ್ಲ. ಬಲಕ್ಕೆ ತುರಾಮ್, ನಡುವೆ ಲೋರಾಂ ಬ್ಲಾಂ ಮತ್ತು ಮಾರ್ಸೆಲ್ ಡೆಸಾಯಿ, ಎಡಕ್ಕೆ ಬಿಕ್ಸೆಂತ್ ಲಿಜರಾಜು. ಹಿಂದೆ ಗೋಲಿನಲ್ಲಿ ಬಾರ್ತೇಜ್. ಆ ವಿಶ್ವಕಪ್‌ನ 7 ಪಂದ್ಯಗಳಲ್ಲಿ ಫ್ರಾನ್ಸ್ ಬಿಟ್ಟುಕೊಟ್ಟದ್ದು ಬರೀ 2 ಗೋಲು. ಒಂದು ಡೆನ್ಮಾರ್ಕ್ ಹೊಡೆದ ಪೆನಾಲ್ಟಿ. ಇನ್ನೊಂದು ಇದೇ, ಶುಕೆರ್‌ನದು. ಅಂದರೆ ಆಟದ ಓಟದಲ್ಲಿ ಇಡೀ ಟೂರ್ನಿಯಲ್ಲಿ ಒಂದೇ ಒಂದು ಸಲ ಅವರ ಸಾಲು ಮುರಿಯಿತು. ಅದೂ ಸೆಮಿಫೈನಲ್‌ನಲ್ಲಿ, ತಮ್ಮದೇ ದೇಶದಲ್ಲಿ, ತಮ್ಮದೇ ಜನರ ಎದುರು.

ಮುಂದಿನ ನಿಮಿಷ ಏನಾಯಿತು ಅಂತ ಫುಟ್‌ಬಾಲ್ ನೋಡುವವರಿಗೆಲ್ಲ ಗೊತ್ತು. ಆದರೂ ಹೇಳುತ್ತೇನೆ, ಹೇಳದೆ ಇರಲು ನನ್ನಿಂದ ಆಗುವುದಿಲ್ಲ. ಕ್ರೊಯೇಷಿಯಾದ ಕ್ಯಾಪ್ಟನ್ ಬೊಬಾನ್ ತನ್ನದೇ ಪೆನಾಲ್ಟಿ ಬಾಕ್ಸ್ ಹತ್ತಿರ ಚೆಂಡಿಟ್ಟುಕೊಂಡು ಒಂದು ಕ್ಷಣ ತಡ ಮಾಡಿದ. ಎಲ್ಲಿಂದ ಬಂದನೋ, ತುರಾಮ್ ಅವನ ಮೇಲೆ ಬಿದ್ದು ಚೆಂಡು ಕಿತ್ತುಕೊಂಡ. ರೈಟ್ ಬ್ಯಾಕ್‌ಗೆ ಅಲ್ಲಿ ಕೆಲಸವೇ ಇಲ್ಲ. ಚೆಂಡು ಜೊರ್ಕಾಯೆಫ್‌ಗೆ ಹೋಯಿತು. ಅವನು ಮುಂದಕ್ಕೆ ನೂಕಿದ. ನುಗ್ಗಿ ಬಂದ ತುರಾಮ್ ಒದ್ದ. 1-1. ಗಡಿಯಾರ 47ನೇ ನಿಮಿಷ ತೋರಿಸುತ್ತಿತ್ತು.

ಫ್ರಾನ್ಸ್ ತಂಡಕ್ಕೆ ಅದು ಅವನ ಮೊದಲ ಗೋಲು. 1994ರ ಆಗಸ್ಟ್ 17ರಂದು ಬೋರ್ಡೋದಲ್ಲಿ ಜೆಕ್ ಗಣರಾಜ್ಯದ ವಿರುದ್ಧ ಅವನು ಮೊದಲ ಸಲ ನೀಲಿ ಜೆರ್ಸಿ ಹಾಕಿದ್ದ. ಅದೇ ಪಂದ್ಯದಲ್ಲಿ ಜಿದಾನ್ ಕೂಡ ಮೊದಲ ಸಲ ಆಡಿದ, ಎರಡು ಗೋಲು ಹೊಡೆದ. ಜಿದಾನ್ ಅಂದೇ ಎಲ್ಲರ ಕಣ್ಣಿಗೆ ಬಿದ್ದ. ತುರಾಮ್ ನಾಲ್ಕು ವರ್ಷ ಬಲಬದಿಯಲ್ಲಿ ತನ್ನ ಪಾಡಿಗೆ ತಾನು ಆಡಿಕೊಂಡಿದ್ದ.

70ನೇ ನಿಮಿಷಕ್ಕೆ ಮತ್ತೆ ಅವನೇ. ಈ ಸಲ ಬಾಕ್ಸಿನ ಹೊರಗೆ, ಬಲಗಡೆ. ಎದುರಾಳಿಯಿಂದ ಚೆಂಡು ಕಿತ್ತು, ಎಡಗಾಲಿನಿಂದ ಹೊಡೆದ. ಬಲಗಾಲಿನ ಆಟಗಾರ, ಎಡಗಾಲಿನ ಹೊಡೆತ. ಚೆಂಡು ನೆಲಕ್ಕೆ ಹತ್ತಿರದಲ್ಲೇ ಬಾಗುತ್ತಾ ಹೋಗಿ ಆಚೆ ಮೂಲೆಯಲ್ಲಿ ಬಲೆಗೆ ಬಿತ್ತು. ನಾನು ಬಾಯಿಗೆ ಕಂಬಳಿ ತುರುಕಿಕೊಂಡು ಕಿರುಚಿದೆ.

ಆಮೇಲೆ ಅವನು ಓಡಲಿಲ್ಲ. ಅಂಗಿ ಬಿಚ್ಚಲಿಲ್ಲ. ಮಂಡಿಯೂರಿ ಕೂತ, ಒಂದು ಬೆರಳನ್ನು ತುಟಿಯ ಹತ್ತಿರ ಇಟ್ಟುಕೊಂಡ, ಏನನ್ನೋ ಯೋಚಿಸುವವನ ಹಾಗೆ ಸುಮ್ನೆ ನೋಡುತ್ತಾ ಉಳಿದ. ಸುತ್ತ ಇಡೀ ದೇಶ ಹುಚ್ಚೆದ್ದು ಕುಣಿಯುತ್ತಿತ್ತು, ಗೋಲು ಹೊಡೆದವನು ಲೆಕ್ಕ ಬಿಡಿಸುವ ಹುಡುಗನ ಹಾಗೆ ಕೂತಿದ್ದ. ಆ ಚಿತ್ರ ಆಮೇಲೆ ತುಂಬಾ ಪ್ರಸಿದ್ಧವಾಯಿತು. ಅದು ಪೋಸ್ ಅಂತ ನನಗೆ ಯಾವತ್ತೂ ಅನಿಸಿಲ್ಲ. 23 ನಿಮಿಷದ ಹಿಂದೆ ತಾನು ಇಡಬೇಕಿದ್ದ ಒಂದು ಹೆಜ್ಜೆಯ ಲೆಕ್ಕ ಅವನ ತಲೆಯಲ್ಲಿ ಇದ್ದಿರಬೇಕು ಅಂತ ನಾನು ನಂಬಿಕೊಂಡಿದ್ದೇನೆ.

ಪಂದ್ಯ 2-1ಕ್ಕೆ ಮುಗಿಯಿತು. ಅದಕ್ಕೆ ಕಾಲು ಗಂಟೆ ಮೊದಲು ಬ್ಲಾಂಗೆ ರೆಡ್ ಕಾರ್ಡ್ ಸಿಕ್ಕಿತ್ತು. ತಳ್ಳಾಟದಲ್ಲಿ ಅವನ ಕೈ ಕ್ರೊಯೇಷಿಯಾದ ಬಿಲಿಚ್‌ಗೆ ತಾಗಿತು, ಬಿಲಿಚ್ ಮುಖ ಹಿಡಿದುಕೊಂಡು ಬಿದ್ದ. ಅಷ್ಟು ವರ್ಷ ಕಾದಿದ್ದ ಬ್ಲಾಂ ಫೈನಲ್ ಆಡಲಾಗಲಿಲ್ಲ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ನಾಲ್ಕು ದಿನದ ಮೇಲೆ ಫ್ರಾನ್ಸ್ ಬ್ರೆಜಿಲನ್ನು 3-0 ಸೋಲಿಸಿ ಕಪ್ ಎತ್ತಿತು. ತುರಾಮ್‌ಗೆ ಟೂರ್ನಿಯ ಮೂರನೇ ಉತ್ತಮ ಆಟಗಾರ ಅಂತ ಕಂಚಿನ ಚೆಂಡು ಕೊಟ್ಟರು.

ಅವನು ಫ್ರಾನ್ಸ್ ಪರ 2008ರವರೆಗೆ ಆಡಿದ. ಒಟ್ಟು 142 ಪಂದ್ಯ. ಡೆಸಾಯಿಯ 116ರ ದಾಖಲೆಯನ್ನು ದಾಟಿ ಎಷ್ಟೋ ಮುಂದೆ ಹೋದ. 2022ರ ವಿಶ್ವಕಪ್‌ನಲ್ಲಿ ಗೋಲ್‌ಕೀಪರ್ ಯೂಗೊ ಲೋರಿಸ್ ಮುರಿಯುವವರೆಗೂ ಅದೇ ದಾಖಲೆ. ಆ 142 ಪಂದ್ಯಗಳಲ್ಲಿ ಅವನ ಗೋಲು ಎಷ್ಟು ಗೊತ್ತಾ? 2. ಅವೆರಡೂ ಅದೇ ರಾತ್ರಿಯವು. ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಜನ ಇದನ್ನು ಪವಾಡದ ಹಾಗೆ ಹೇಳುತ್ತಾರೆ. ನನಗೆ ಇನ್ನೊಂದು ಕಡೆಯೇ ಜಾಸ್ತಿ ಮುಖ್ಯ. ಆ ರಾತ್ರಿಯೊಂದನ್ನು ಬಿಟ್ಟರೆ ಉಳಿದ 141 ಪಂದ್ಯಗಳಲ್ಲಿ ಅವನು ಏನು ಮಾಡುತ್ತಿದ್ದ? ನಿಲ್ಲಬೇಕಾದ ಕಡೆ ನಿಂತಿದ್ದ. ಬ್ಯಾಕ್ ಸರಿಯಾಗಿ ಆಡಿದ ದಿನ ಟಿವಿಯವರಿಗೆ ತೋರಿಸಲು ಏನೂ ಇರುವುದಿಲ್ಲ. ಎದುರಾಳಿ ಪಾಸ್ ಕೊಡಲು ನೋಡುತ್ತಾನೆ, ಅಲ್ಲಿ ತುರಾಮ್ ಇದ್ದಾನೆ ಅಂತ ಬೇರೆ ಕಡೆ ತಿರುಗುತ್ತಾನೆ. ಆಗದೆ ಹೋದ ಪಾಸನ್ನು ಯಾರು ರಿಪ್ಲೇ ಹಾಕುತ್ತಾರೆ?

ಅವನಿಗೆ ನಿಜಕ್ಕೂ ಇಷ್ಟವಾಗಿದ್ದ ಜಾಗ ಬಲಬದಿಯಲ್ಲ, ನಡುವಿನದು. ಅಲ್ಲಿ ಬ್ಲಾಂ, ಡೆಸಾಯಿ ಇದ್ದರು. ಹಾಗಾಗಿ ದೇಶಕ್ಕೆ ಬಲಗಡೆ ಆಡಿದ. ತನ್ನ ಕ್ಲಬ್ ಪಾರ್ಮಾದಲ್ಲಿ ನಡುವೆ ಆಡಿದ. ಆ ಪಾರ್ಮಾ ತಂಡವನ್ನು ನೆನೆಸಿಕೊಂಡರೆ ಈಗಲೂ ಖುಷಿಯಾಗುತ್ತದೆ. ಇಟಲಿಯ ಒಂದು ಚಿಕ್ಕ ಊರು, ಹ್ಯಾಮ್ ಮತ್ತು ಚೀಸ್‌ಗೆ ಹೆಸರಾದದ್ದು. ಅಲ್ಲಿ ಗೋಲಿನಲ್ಲಿ ಹುಡುಗ ಬುಫೋನ್, ಮುಂದೆ ಕನ್ನವಾರೊ ಮತ್ತು ತುರಾಮ್. 1999ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ಫ್ರಾನ್ಸಿನ ಮಾರ್ಸೇ ತಂಡವನ್ನು 3-0 ಸೋಲಿಸಿ ಯುರೋಪಿನ ಕ್ಲಬ್ಬುಗಳ ಟೂರ್ನಿ ಯುಇಎಫ್‌ಎ ಕಪ್ ಗೆದ್ದರು. ಮೊದಲ ಗೋಲು ಆದದ್ದು ಮಾರ್ಸೇಯ ಬ್ಯಾಕ್ ತನ್ನ ಗೋಲ್‌ಕೀಪರ್‌ಗೆ ತಲೆಯಿಂದ ಕೊಟ್ಟ ಚೆಂಡು ಗಿಡ್ಡವಾದ್ದರಿಂದ. ಆ ಬ್ಯಾಕ್ ಬೇರೆ ಯಾರೂ ಅಲ್ಲ, ಬ್ಲಾಂ. ಒಂದು ವರ್ಷದ ಹಿಂದೆ ತುರಾಮ್ ಪಕ್ಕದಲ್ಲೇ ನಿಂತಿದ್ದವನು. ಬ್ಯಾಕ್ ಆಡುವವರ ಹಣೆಬರಹವೇ ಅಷ್ಟು. ನೂರು ಸಲ ಸರಿಯಾಗಿ ಕೊಟ್ಟದ್ದನ್ನು ಯಾರೂ ಎಣಿಸುವುದಿಲ್ಲ.

2001ರಲ್ಲಿ ಇಟಲಿಯ ಇನ್ನೊಂದು ಕ್ಲಬ್ ಯುವೆಂಟಸ್ ಜಿದಾನ್‌ನನ್ನು ರಿಯಲ್ ಮ್ಯಾಡ್ರಿಡ್‌ಗೆ ಮಾರಿತು. ಬಂದ ದುಡ್ಡಿನಲ್ಲಿ ಬುಫೋನ್, ತುರಾಮ್, ನೆದ್ವೆದ್ ಮೂವರನ್ನೂ ತಂದಿತು. ಮುಂದಿನ ಎರಡು ವರ್ಷ ಇಟಲಿಯ ಲೀಗ್ ಅವರದ್ದೇ. 2005, 2006ರಲ್ಲೂ ಗೆದ್ದರು, ಆದರೆ ರೆಫರಿ ಹಗರಣದಲ್ಲಿ ಆ ಎರಡೂ ಪಟ್ಟಗಳನ್ನು ಕಿತ್ತುಕೊಂಡು ಕ್ಲಬ್ಬನ್ನು ಕೆಳಗಿನ ದರ್ಜೆಗೆ ಇಳಿಸಿದರು. ತುರಾಮ್ ಬಾರ್ಸಿಲೋನಾಕ್ಕೆ ಹೋದ. ಅಲ್ಲಿನ ಎರಡು ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನೂ ಇಲ್ಲ.

ನಡುವೆ ಒಂದು ಸಲ ಅವನು ದೇಶದ ತಂಡ ಬಿಟ್ಟಿದ್ದ. 2004ರ ಯೂರೊದಲ್ಲಿ, ಅಂದರೆ ಯುರೋಪಿನ ದೇಶಗಳ ಟೂರ್ನಿಯಲ್ಲಿ, ಗ್ರೀಸ್ ಎದುರು ಸೋತ ಮೇಲೆ. ಮರುವರ್ಷ ಜಿದಾನ್, ಮಾಕೆಲೆಲೆ ಜೊತೆ ವಾಪಸ್ ಬಂದ. ಮುದುಕರ ತಂಡ ಅಂತ ಎಲ್ಲರೂ ನಕ್ಕರು. 2006ರ ವಿಶ್ವಕಪ್ ಸೆಮಿಫೈನಲ್, ಮ್ಯೂನಿಕ್, ಎದುರಿಗೆ ಪೋರ್ಚುಗಲ್, ಅದರಲ್ಲಿ ಹುಡುಗ ರೊನಾಲ್ಡೊ. ಫ್ರಾನ್ಸ್ 1-0 ಗೆದ್ದಿತು. ಗೋಲು ಜಿದಾನ್‌ನ ಪೆನಾಲ್ಟಿ. ಪಂದ್ಯಶ್ರೇಷ್ಠ ಮಾತ್ರ ತುರಾಮ್. ಆಗ ಅವನಿಗೆ 34. ನಾನು ಯಾರಿಗಾದರೂ ಅವನ ಒಂದೇ ಒಂದು ಪಂದ್ಯ ತೋರಿಸಬೇಕಾದರೆ 1998ರದ್ದು ತೋರಿಸುವುದಿಲ್ಲ, ಇದನ್ನು ತೋರಿಸುತ್ತೇನೆ. ತೊಂಬತ್ತು ನಿಮಿಷ ಅವನೊಬ್ಬನನ್ನೇ ನೋಡಬೇಕು, ಚೆಂಡನ್ನಲ್ಲ. ಓಟ ಕಡಿಮೆ. ಕುತ್ತಿಗೆ ಮಾತ್ರ ಸದಾ ತಿರುಗುತ್ತಿರುತ್ತದೆ. ಚೆಂಡು ಬರುವುದಕ್ಕೆ ಮೊದಲೇ ಎರಡು ಹೆಜ್ಜೆ ಆ ಕಡೆ, ಅರ್ಧ ಹೆಜ್ಜೆ ಈ ಕಡೆ. ಫೈನಲ್ಲಿನಲ್ಲಿ ಇಟಲಿ ಪೆನಾಲ್ಟಿಯಲ್ಲಿ ಗೆದ್ದಿತು. ಆ ಕಪ್ ಎತ್ತಿದ ಕ್ಯಾಪ್ಟನ್ ಅವನ ಹಳೇ ಜೊತೆಗಾರ ಕನ್ನವಾರೊ.

ಈಗ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಏಕೆಂದರೆ ನಾನು ಬರೆಯಬೇಕು ಅಂತ ಕೂತದ್ದು ಈ ಭಾಗಕ್ಕಾಗಿ.

ತುರಾಮ್ ಹುಟ್ಟಿದ್ದು 1972ರ ಜನವರಿ 1ರಂದು, ಗ್ವಾಡಲೂಪ್‌ನಲ್ಲಿ. ಕೆರಿಬಿಯನ್ ಸಮುದ್ರದ ದ್ವೀಪ, ಆದರೆ ಫ್ರಾನ್ಸಿನದ್ದೇ ಭಾಗ. ಕಬ್ಬು ಬೆಳೆಯುವ ನಾಡು. ಒಂದು ಕಾಲಕ್ಕೆ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಆ ಕಬ್ಬು ಕಡಿಯುತ್ತಿದ್ದರು. 1848ರಲ್ಲಿ ಫ್ರಾನ್ಸ್ ಗುಲಾಮಗಿರಿ ತೆಗೆದುಹಾಕಿತು. ತುರಾಮ್‌ನ ತಾಯಿ ಕಬ್ಬಿನ ಗದ್ದೆಯಲ್ಲಿ ದುಡಿದವಳು. ಒಬ್ಬಳೇ ಐದು ಮಕ್ಕಳನ್ನು ಸಾಕಿದಳು. ಮಕ್ಕಳನ್ನು ಊರಲ್ಲಿ ಬಿಟ್ಟು ಮೊದಲು ತಾನೊಬ್ಬಳೇ ಪ್ಯಾರಿಸ್ ಕಡೆ ಹೋದಳು, ಮನೆಗೆಲಸ ಹಿಡಿದಳು, ಒಂದು ವರ್ಷದ ಮೇಲೆ ಮಕ್ಕಳನ್ನು ಕರೆಸಿಕೊಂಡಳು. ಅವನು ಬೆಳೆದದ್ದು ಪ್ಯಾರಿಸ್‌ನ ದಕ್ಷಿಣಕ್ಕೆ, ಫೋಂತೆನ್‌ಬ್ಲೋ ಕಾಡಿನ ಪಕ್ಕದ ಆವೋಂ ಅನ್ನುವ ಊರಲ್ಲಿ. ಪ್ಯಾರಿಸ್ ಕಡೆ ಬಂದಾಗ ಹುಡುಗನಿಗೆ ಒಂಬತ್ತು ವರ್ಷ.

ಹೊಸ ಶಾಲೆಯಲ್ಲಿ ಮಕ್ಕಳು ಅವನಿಗೊಂದು ಅಡ್ಡಹೆಸರು ಇಟ್ಟರು. ನ್ವಾರೋಡ್. ಆಗ ಫ್ರೆಂಚ್ ಟಿವಿಯಲ್ಲಿ ಬರುತ್ತಿದ್ದ ಕಾರ್ಟೂನ್ ಹಸು ಅದು. ಕಪ್ಪು ಹಸು. ಅದರಲ್ಲಿ ಕಪ್ಪು ಹಸು ಪೆದ್ದು, ಬಿಳಿ ಹಸು ಜಾಣ. ಈ ಕಥೆಯನ್ನು ತುರಾಮ್ ನೂರಾರು ಶಾಲೆ, ಸಭೆಗಳಲ್ಲಿ ಹೇಳಿದ್ದಾನೆ. ಊರಲ್ಲಿದ್ದಾಗ ತಾನು ಬರೀ ಲಿಲಿಯನ್ ಆಗಿದ್ದೆ, ಪ್ಯಾರಿಸ್‌ಗೆ ಬಂದ ಮೇಲೆ, ಒಂಬತ್ತನೇ ವಯಸ್ಸಿನಲ್ಲಿ ಕರಿಯನಾದೆ ಅನ್ನುತ್ತಾನೆ. ಮನೆಗೆ ಹೋಗಿ ಅಮ್ಮನನ್ನು ಕೇಳಿದನಂತೆ, ಯಾಕೆ ಹೀಗೆ ಅಂತ. ಜನ ಇರುವುದೇ ಹಾಗೆ, ಅದು ಬದಲಾಗಲ್ಲ ಅಂದಳಂತೆ ಅಮ್ಮ. ಆ ಉತ್ತರ ಅವನಿಗೆ ಸಾಕಾಗಲಿಲ್ಲ.

ಇದನ್ನು ನಾನು ಮೊದಲು ಓದಿದಾಗ ಓದು ನಿಲ್ಲಿಸಿ ಎದ್ದು ಹೋದೆ. ನನ್ನ ಆ ಗೆಳೆಯನನ್ನು ನಾವು ಶಾಲೆಯಲ್ಲಿ ಏನಂತ ಕರೆಯುತ್ತಿದ್ದೆವು ಅಂತ ನೆನಪಾಯಿತು. ಕರಿಯ. ಆಟದ ಬಯಲಲ್ಲಿ, ಬಸ್‌ಸ್ಟ್ಯಾಂಡಲ್ಲಿ, ಅವನ ಮನೆ ಬಾಗಿಲಲ್ಲಿ ನಿಂತು, ಅವನ ಅಮ್ಮನಿಗೆ ಕೇಳುವ ಹಾಗೆ. "ಕರಿಯಾ, ಬಾರೋ ಆಡಕ್ಕೆ." ಪ್ರೀತಿಯಿಂದಲೇ ಕರೆಯುತ್ತಿದ್ದೆವು, ಅದು ನಿಜ. ಅವನು ಯಾವತ್ತೂ ಬೇಡ ಅನ್ನಲಿಲ್ಲ, ಅದೂ ನಿಜ. ಆದರೆ ಅವನನ್ನು ಕೇಳಿದವರು ಯಾರೂ ಇಲ್ಲ. ನಾನೂ ಕೇಳಿರಲಿಲ್ಲ. ಒಂದೇ ಕಂಬಳಿ ಹೊದ್ದು ಕೂತ ರಾತ್ರಿ ಕೂಡ ಅವನನ್ನು ಅದೇ ಹೆಸರಿನಿಂದ ಕರೆದಿದ್ದೆ. ಬೆಂಗಳೂರಿಗೆ ಬಂದ ಮೇಲೆ ಒಂದು ದಿನ ಫೋನ್ ಮಾಡಿ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಈಗ ಯಾಕೆ ಕೇಳ್ತಿದ್ದೀಯ?" ಅಂದ. ಆಮೇಲೆ, "ಮೊದಲ ವರ್ಷ ಬೇಜಾರಾಗ್ತಿತ್ತು" ಅಂದ. ಮೊದಲ ವರ್ಷ ಅಂದರೆ ಅವನಿಗೆ ಹತ್ತು ವರ್ಷ. ನನ್ನ ಫೋನಿನಲ್ಲಿ ಈಗ ಅವನ ನಿಜವಾದ ಹೆಸರಿದೆ.

ತುರಾಮ್ ಮಾತಾಡಲು ಶುರು ಮಾಡಿದ್ದು ಆಟ ಬಿಟ್ಟ ಮೇಲಲ್ಲ. ಅದಕ್ಕೇ ಅವನ ಮೇಲೆ ನನಗೆ ಗೌರವ ಜಾಸ್ತಿ. 1996ರಲ್ಲೇ ಕಟ್ಟಾ ಬಲಪಂಥದ ರಾಜಕಾರಣಿ ಜಾನ್ ಮರಿ ಲೆ ಪೆನ್ ಫ್ರಾನ್ಸ್ ತಂಡದ ಆಟಗಾರರನ್ನು ಹೊರಗಿನವರು ಅಂತ ಮೂದಲಿಸಿದ್ದ. ಹತ್ತು ವರ್ಷದ ಮೇಲೆ, 2006ರ ವಿಶ್ವಕಪ್ ನಡೆಯುತ್ತಿದ್ದಾಗಲೇ, ತಂಡದಲ್ಲಿ ಕಪ್ಪು ಬಣ್ಣದವರು ಜಾಸ್ತಿ ಅಂತ ಮತ್ತೆ ಎತ್ತಿದ. ಫ್ರೆಂಚರಲ್ಲಿ ಕಪ್ಪಗಿರುವವರೂ ಇದ್ದಾರೆ ಅನ್ನುವುದು ಆತನಿಗೆ ಗೊತ್ತಿಲ್ಲ ಅಂತ ಪತ್ರಕರ್ತರ ಎದುರೇ ಉತ್ತರ ಕೊಟ್ಟವನು ತುರಾಮ್. 2005ರಲ್ಲಿ ಪ್ಯಾರಿಸ್ ಸುತ್ತಲಿನ ಬಡ ಕೇರಿಗಳು ಹೊತ್ತಿ ಉರಿದವು. ಗೃಹಮಂತ್ರಿ ಸರ್ಕೋಜಿ ಅಲ್ಲಿನ ಹುಡುಗರನ್ನು ಕಸ ಅನ್ನುವಂಥ ಮಾತಾಡಿದ. ನಾನೂ ಅಂಥ ಕಡೆಯೇ ಬೆಳೆದವನು ಅಂತ ತುರಾಮ್ ಎದುರು ನಿಂತ. ಮರುವರ್ಷ ಆಗಸ್ಟ್‌ನಲ್ಲಿ ಕಾಶಾಂ ಅನ್ನುವ ಊರಿನ ಒಂದು ಖಾಲಿ ಕಟ್ಟಡದಲ್ಲಿ ಇದ್ದ ವಲಸಿಗರನ್ನು ಪೊಲೀಸರು ಹೊರಹಾಕಿದ್ದರು. ತುರಾಮ್ ಮತ್ತು ತಂಡದ ಜೊತೆಗಾರ ಪ್ಯಾಟ್ರಿಕ್ ವಿಯೇರಾ ಅವರಲ್ಲಿ ಸುಮಾರು 80 ಜನರಿಗೆ ಸೆಪ್ಟೆಂಬರ್‌ನ ಫ್ರಾನ್ಸ್-ಇಟಲಿ ಪಂದ್ಯದ ಟಿಕೆಟ್ ಕೊಟ್ಟು ಸ್ಟೇಡಿಯಂಗೆ ಕರೆಸಿದರು. ಮನೆ ಇಲ್ಲದವರು ವಿಶ್ವಕಪ್ ಫೈನಲ್ ಆಡಿದ ತಂಡಗಳ ಪಂದ್ಯವನ್ನು ಆಟಗಾರರ ಅತಿಥಿಗಳಾಗಿ ನೋಡಿದರು. ಬೈದವರು ಬೈದರು.

ಅವನ ಎಲ್ಲ ಮಾತೂ ನನಗೆ ಒಪ್ಪಿಗೆ ಅಂತಲ್ಲ. 2010ರ ವಿಶ್ವಕಪ್‌ನಲ್ಲಿ ಫ್ರೆಂಚ್ ಆಟಗಾರರು ಪ್ರತಿಭಟನೆ ಅಂತ ಅಭ್ಯಾಸಕ್ಕೆ ಇಳಿಯದೆ ಬಸ್ಸಿನಲ್ಲಿ ಕೂತರು. ಆಗ ಇವನು ಫ್ರೆಂಚ್ ಫುಟ್‌ಬಾಲ್ ಫೆಡರೇಶನ್ನಿನ ಸಮಿತಿಯಲ್ಲಿದ್ದ. ಕ್ಯಾಪ್ಟನ್ ಎವ್ರಾಗೆ ಮತ್ತೆ ಯಾವತ್ತೂ ಆ ಜೆರ್ಸಿ ಕೊಡಬಾರದು ಅಂದ. ಅದು ಅತಿಯಾಯಿತು ಅಂತ ನನಗೆ ಅವತ್ತೂ ಅನಿಸಿತ್ತು, ಇವತ್ತೂ ಅನಿಸುತ್ತದೆ. 1998ರಲ್ಲಿ ಒಂದು ಹೆಜ್ಜೆ ತಪ್ಪಿದ ಬ್ಯಾಕ್‌ಗೆ ಒಂದು ನಿಮಿಷದಲ್ಲೇ ತಿದ್ದಿಕೊಳ್ಳಲು ಅವಕಾಶ ಸಿಕ್ಕಿತ್ತು. ಎವ್ರಾಗೂ ಸಿಗಬೇಕಿತ್ತು, ಸಿಕ್ಕಿತು ಕೂಡ. 2014ರ ವಿಶ್ವಕಪ್‌ನಲ್ಲಿ ಅವನು ಆಡಿದ.

2008ರ ಬೇಸಿಗೆಯಲ್ಲಿ ತುರಾಮ್ ಪ್ಯಾರಿಸ್ ಸೇಂ ಜರ್ಮೇಂ ಕ್ಲಬ್ ಸೇರಬೇಕಿತ್ತು. ಬಾಲ್ಯದ ಊರಿನ ಹತ್ತಿರವೇ ಕೊನೆಯ ಒಂದೆರಡು ವರ್ಷ ಆಡಬಹುದಿತ್ತು. ಸೇರುವ ಮೊದಲಿನ ತಪಾಸಣೆಯಲ್ಲಿ ಹೃದಯದಲ್ಲಿ ದೋಷ ಇದೆ ಅಂತ ಗೊತ್ತಾಯಿತು. 36ನೇ ವಯಸ್ಸಿಗೆ ಬೂಟು ಕಳಚಿಟ್ಟ. ಅದೇ ವರ್ಷ ವರ್ಣಭೇದದ ವಿರುದ್ಧ ಮಕ್ಕಳಿಗೆ ಪಾಠ ಹೇಳುವ ಪ್ರತಿಷ್ಠಾನ ಕಟ್ಟಿದ. ಅದರ ಹೆಸರಿನಲ್ಲೇ 'ಶಿಕ್ಷಣ' ಅನ್ನುವ ಪದವಿದೆ. ಯಾರೂ ದ್ವೇಷ ಹೊತ್ತುಕೊಂಡು ಹುಟ್ಟುವುದಿಲ್ಲ, ಕಲಿಯುತ್ತಾರೆ, ಹಾಗಾದರೆ ಮರೆಯಲೂ ಕಲಿಸಬಹುದು ಅನ್ನುವುದು ಅವನ ನಂಬಿಕೆ. ಬದಲಾಗಲ್ಲ ಅಂದಿದ್ದ ಅಮ್ಮನಿಗೆ ಇಷ್ಟು ವರ್ಷದಿಂದ ಕೊಡುತ್ತಿರುವ ಉತ್ತರ ಇದು ಅಂತ ನನಗೆ ಕಾಣುತ್ತದೆ.

ಅವನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಮಾರ್ಕುಸ್, ಕರಿಯರ ಹಕ್ಕಿಗಾಗಿ ಹೋರಾಡಿದ ಜಮೈಕಾದ ಮಾರ್ಕಸ್ ಗಾರ್ವಿ ಹೆಸರು. ಚಿಕ್ಕವನು ಕೆಫ್ರೆನ್, ಈಜಿಪ್ಟಿನ ಫರೋ ಒಬ್ಬನ ಹೆಸರು. ನ್ವಾರೋಡ್ ಅಂತ ಕರೆಸಿಕೊಂಡಿದ್ದವನು ಮಕ್ಕಳಿಗೆ ಹೆಸರು ಹುಡುಕುವಾಗ ಎಷ್ಟು ಯೋಚಿಸಿರಬೇಕು ಅಲ್ವಾ. ಇಬ್ಬರೂ ಹುಟ್ಟಿದ್ದು ಅಪ್ಪ ಪಾರ್ಮಾದಲ್ಲಿ ಆಡುತ್ತಿದ್ದ ಕಾಲದಲ್ಲಿ, ಇಟಲಿಯಲ್ಲಿ. ಈಗ ಆಡುತ್ತಿರುವುದೂ ಅಲ್ಲೇ. ಮಾರ್ಕುಸ್ ಇಂಟರ್ ಮಿಲಾನ್‌ಗೆ, ಕೆಫ್ರೆನ್ ಅಪ್ಪನ ಹಳೇ ಕ್ಲಬ್ ಯುವೆಂಟಸ್‌ಗೆ. 2024ರ ಯೂರೊ ಸಮಯದಲ್ಲಿ ಫ್ರಾನ್ಸಿನಲ್ಲಿ ಚುನಾವಣೆ ಬಂದಾಗ, ಲೆ ಪೆನ್ ಮಗಳ ಪಕ್ಷ ಗೆಲ್ಲದ ಹಾಗೆ ಹೋರಾಡಬೇಕು ಅಂತ ಪತ್ರಿಕಾಗೋಷ್ಠಿಯಲ್ಲಿ ಮಾರ್ಕುಸ್ ನೇರವಾಗಿ ಹೇಳಿದ. ಅಪ್ಪ ಅಪ್ಪನ ಎದುರು, ಮಗ ಮಗಳ ಎದುರು.

2025ರ ಸೆಪ್ಟೆಂಬರ್ 13ರಂದು ಯುವೆಂಟಸ್ ಮತ್ತು ಇಂಟರ್ ಎದುರಾದವು. ಕೊನೆಯ ಕಾಲು ಗಂಟೆಯಲ್ಲಿ ಮಾರ್ಕುಸ್ ತಲೆಯಿಂದ ಗೋಲು ಹೊಡೆದ. ಕೆಲವೇ ನಿಮಿಷದಲ್ಲಿ ಕೆಫ್ರೆನ್ ಕೂಡ ತಲೆಯಿಂದಲೇ ಹೊಡೆದು ಸರಿ ಮಾಡಿದ. ಕೊನೆಗೆ ಯುವೆಂಟಸ್ 4-3ಕ್ಕೆ ಗೆದ್ದಿತು. ನಾನು ಕೂಡಲೇ ಗೆಳೆಯನಿಗೆ ಫೋನ್ ಮಾಡಿದೆ. ಅಪ್ಪ 142 ಪಂದ್ಯದಲ್ಲಿ ಹೊಡೆದಷ್ಟು ಗೋಲನ್ನು ಮಕ್ಕಳು ಸೇರಿ ಒಂದೇ ಸಂಜೆ ಹೊಡೆದರು ನೋಡು ಅಂದೆ.

ಅವನೂ ನೋಡುತ್ತಿದ್ದನಂತೆ. "ಹೂಂ, ಚೆನ್ನಾಗಿತ್ತು" ಅಂದ. ಸ್ವಲ್ಪ ತಡೆದು, "ಆದ್ರೆ ಏಳು ಗೋಲು ಕಣೋ. ಎರಡೂ ಕಡೆ ಬ್ಯಾಕ್ ನಿಂತೇ ಇರ್ಲಿಲ್ಲ" ಅಂದ. ಆಮೇಲೆ ಅರ್ಧ ಗಂಟೆ, ಒಂದೊಂದು ಗೋಲಿಗೂ ಯಾರು ಎಲ್ಲಿ ನಿಲ್ಲಬೇಕಿತ್ತು ಅಂತ ಹೇಳುತ್ತಾ ಹೋದ.